ಬೀಗ ಹಾಕಿ ಹೋದ ಕಳ್ಳ

“ಪೊಲೀಸರು ಮಾತ್ರ ಬೇಡ, ನ್ಯಾ ಒರ್ಲಾಂದಾ,” ಎಂದಳು ಇಸ್ಮೇನಿಯಾ. “ಒಳಗೆ ಬಂದಿದ್ದೋರು ಯಾರು ಅನ್ನೋದನ್ನ ಹೇಳಿ, ಸಾಕು. ಪಾನು ಸಿಗದಿದ್ರೂ ಪರವಾಗಿಲ್ಲ.”

ಮೂಲೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದ ಬಲ್ತಜಾರ್‌ಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಆ ಪಾನು ಕೈಮಗ್ಗದಲ್ಲಿ ನೇಯ್ದ ನೀಲಿ ಬಿಳಿ ಪಟ್ಟಿಯ ಹೊದಿಕೆ, ಅಜ್ಜಿಯ ಕಾಲದ್ದು. ಲಾವಾ ಹರಿದು ಬಂದು ಊರನ್ನೇ ನುಂಗಿದಾಗ ಇಸ್ಮೇನಿಯಾ ಮನೆಯಿಂದ ಉಳಿಸಿಕೊಂಡದ್ದು ಎರಡೇ ವಸ್ತು: ಹೆಗಲ ಮೇಲೆ ಆ ಪಾನು, ಮತ್ತು ಚೌಕಟ್ಟಿನ ಸಮೇತ ಕಿತ್ತು ತಂದ ನೀಲಿ ಬಾಗಿಲು. ಈಗ ಪಾನು ಕಳುವಾಗಿದೆ, ಸಿಗದಿದ್ದರೂ ಪರವಾಗಿಲ್ಲವಂತೆ!

ಒರ್ಲಾಂದಾ ಬಾಣಲೆಯಲ್ಲಿ ಕಾಫಿ ಬೀಜ ಹುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಬಂದರಿನ ಕಸ್ಟಮ್ಸ್ ಕಟ್ಟೆಯಲ್ಲಿ ಆಯುಷ್ಯ ಸವೆಸಿದ ಹೆಂಗಸು ಅವಳು; ಊರಿಗೆಲ್ಲ ‘ನ್ಯಾ’, ಅಂದರೆ ಅಮ್ಮಾವ್ರು. ಅಮೆರಿಕಕ್ಕೆ ಹೋದವರು ಊರಿಗೆ ಕಳಿಸುತ್ತಿದ್ದ ಪೀಪಾಯಿಗಳ ಮುಚ್ಚಳ ತೆಗೆದು, ಅಕ್ಕಿಯ ಕೆಳಗೆ ಏನಿದೆ, ಬಟ್ಟೆಯ ಮಡಿಕೆಯೊಳಗೆ ಏನಿದೆ ಎಂದು ನೋಡುವುದೇ ಕೆಲಸ. ನಿವೃತ್ತಳಾಗಿ ಜ್ವಾಲಾಮುಖಿ ಬೆಟ್ಟದ ಕುಂಡದೊಳಗಿನ ಈ ಶಾಂ ಊರಿಗೆ ಬಂದು ದ್ರಾಕ್ಷಿ ಹಾಕಿಕೊಂಡಿದ್ದರೂ, ಕುರಿ ಕಳೆದರೆ, ವೈನಿನ ಪೀಪಾಯಿಗೆ ನೀರು ಬಿದ್ದರೆ, ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವಳ ಮನೆಗೇ. ಬಲ್ತಜಾರ್ ದಿನವೂ ಸಾಂ ಫಿಲಿಪ್ ಪಟ್ಟಣದಿಂದ ವ್ಯಾನು ಓಡಿಸಿಕೊಂಡು ಬಂದು, ಚಾರಣಿಗರನ್ನು ಇಳಿಸಿ, ಇಲ್ಲಿ ಕಾಫಿ ಕುಡಿದು ಹಿಂತಿರುಗುವವನು. ಇಂಥ ಹೊತ್ತಿನಲ್ಲೆಲ್ಲ ಅವಳ ಜೊತೆ ನಿಂತವನು ಅವನೇ.

“ನಡೆದಿದ್ದನ್ನ ಮೊದಲಿಂದ ಹೇಳು,” ಎಂದಳು ಒರ್ಲಾಂದಾ.

ಇಸ್ಮೇನಿಯಾಳ ಅಂಗಳದಲ್ಲಿ ನಾಲ್ಕು ಫುಂಕುಗಳಿವೆ. ಕರಿಗಲ್ಲಿನ ದುಂಡು ಗುಡಿಸಲು, ಮೇಲೆ ಹುಲ್ಲಿನ ಮಾಡು, ಒಳಗೆ ಮಣ್ಣಿನ ನೆಲ, ಎರಡು ಮಂಚ. ಸ್ನಾನಕ್ಕೆ ಬಕೆಟ್ಟಿನಲ್ಲಿ ತಣ್ಣೀರು. ಕಡಿಮೆ ಬಾಡಿಗೆ, ಶಿಖರ ಹತ್ತಲು ಬರುವವರಿಗೆ ಅದೇ ಇಷ್ಟ. ನೀಲಿ ಬಾಗಿಲು ಕೂಡಿಸಿದ ಫುಂಕುವಿನಲ್ಲಿ ಹಾಲೆಂಡಿನ ಗಂಡ ಹೆಂಡತಿ ಇಳಿದಿದ್ದರು. ನಿನ್ನೆ ಬೆಳಗ್ಗೆ ಅವರು ಗೈಡ್ ಜಿದೋರುವಿನ ಜೊತೆ ಶಿಖರಕ್ಕೆ ಹೋದರು. ಬಾಗಿಲಿಗೆ ಬೀಗ ಹಾಕಿ, ಬೂದಿಯ ಇಳಿಜಾರಿನಲ್ಲಿ ಜಾರುವಾಗ ಬಿದ್ದುಹೋದೀತೆಂದು ಕೀಲಿಯನ್ನು ಜಿದೋರುವಿನ ಕೈಗೇ ಕೊಟ್ಟರು. ಇಳಿದು ಬಂದ ಮೇಲೆ ಅವರಿಬ್ಬರೂ ವೈನ್ ಕುಡಿಯಲು ದಾರಿಯಲ್ಲೇ ಕೂತರು. ಜಿದೋರು ಮುಂದಾಗಿ ಬಂದು ಅಂಗಳದಲ್ಲಿ ಕಾದ. ಇಸ್ಮೇನಿಯಾ ತೋಟದಲ್ಲಿದ್ದಳು. ಅತಿಥಿಗಳು ಬಂದಾಗ ಅವರ ಎದುರಿಗೇ ಬೀಗ ತೆಗೆದ. ಕ್ಯಾಮೆರಾ ಇತ್ತು, ಹಣವಿತ್ತು, ಚೀಲಗಳಿದ್ದವು. ಗೋಡೆಯ ಮೇಲಿದ್ದ ಪಾನು ಇರಲಿಲ್ಲ.

“ಜಿದೋರುನೇ ತೆಗೆದ ಅಂತ ಊರೆಲ್ಲ ಗುಲ್ಲು,” ಎಂದಳು ಇಸ್ಮೇನಿಯಾ. “ಕೀಲಿ ಇದ್ದಿದ್ದು ಅವನ ಹತ್ರ ತಾನೇ? ಗೈಡುಗಳ ಸಂಘದೋರು ಅವನ ಪರವಾನಗಿ ಕಿತ್ಕೊಳ್ತಾರಂತೆ. ಎರಡು ಮಕ್ಕಳಿವೆ ಅವನಿಗೆ. ನ್ಯಾ ಒರ್ಲಾಂದಾ, ಅವನಲ್ಲ. ಅವನು ನನ್ನ ಧರ್ಮಪುತ್ರ ಅಂತ ಹೇಳ್ತಿಲ್ಲ. ಅವನಲ್ಲ ಅಂತ ನಂಗೆ ಗೊತ್ತು.”

“ಹೇಗೆ ಗೊತ್ತು?”

ಇಸ್ಮೇನಿಯಾ ಸೆರಗಿನಂತೆ ಹೊದ್ದಿದ್ದ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಅದನ್ನ ಕೇಳಬೇಡಿ,” ಎಂದಳು.

ಅವಳು ಹೋದ ಮೇಲೆ ಒರ್ಲಾಂದಾ ಬಾಣಲೆ ಇಳಿಸಿದಳು. “ಬಲ್ತಾ, ಅವಳ ಕಿವಿ ನೋಡಿದ್ಯಾ?”

ಬಲ್ತಜಾರ್ ನೋಡಿದ್ದ. ಹಬ್ಬಕ್ಕೆ ಬಿಟ್ಟರೆ ಪೆಟ್ಟಿಗೆಯಿಂದ ಈಚೆ ಬರದ ಚಿನ್ನದ ಓಲೆಗಳು ಇವತ್ತು, ಕೆಲಸದ ದಿನ, ಅವಳ ಕಿವಿಯಲ್ಲಿದ್ದವು. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಬೆಳಗ್ಗೆ ಈ ಹೊತ್ತಿಗೆ ತಾನು ಇಲ್ಲಿರುತ್ತೇನೆಂದು ಊರಿಗೆಲ್ಲ ಗೊತ್ತು. ಹೆಂಡತಿ ತೀರಿಕೊಂಡ ಮೇಲೆ ಎಷ್ಟೋ ವರ್ಷಗಳಿಂದ ಅವನು ಇಸ್ಮೇನಿಯಾಳ ಅಂಗಳದ ಮುಂದೆ ವ್ಯಾನು ನಿಲ್ಲಿಸಿ, ಏನೋ ಹೇಳಬೇಕೆಂದುಕೊಂಡು, ‘ನಾಳೆ ಈರುಳ್ಳಿ ತರಲಾ?’ ಎಂದಷ್ಟೇ ಕೇಳಿ ಬಂದಿದ್ದಾನೆ. ಆ ಓಲೆಗಳನ್ನು ನೋಡಿ ಅವನ ಎದೆ ಒಂದು ಕ್ಷಣ ಹಗುರಾಗಿತ್ತು. ಅದನ್ನು ಒರ್ಲಾಂದಾಳಿಗೆ ಹೇಳಲಿಲ್ಲ.

“ನೋಡಿದೆ,” ಎಂದಷ್ಟೇ ಅಂದ.

ಫುಂಕುವಿನ ಕಡೆ ನಡೆಯುವಾಗ ದಾರಿಯ ಎರಡೂ ಬದಿಗೆ ಹೆಪ್ಪುಗಟ್ಟಿದ ಲಾವಾ ಕರ್ರಗೆ ಮೊನಚಾಗಿ ಎದ್ದು ನಿಂತಿತ್ತು. ಅಲ್ಲಲ್ಲಿ ಹಳೆಯ ಮನೆಯೊಂದರ ಮಾಳಿಗೆಯ ಅಂಚು ಕಾಣುತ್ತಿತ್ತು. ಊರಿನವರು ಅವುಗಳ ಮೇಲೆಯೇ ಹೊಸ ಮನೆ ಕಟ್ಟಿಕೊಂಡಿದ್ದರು.

“ಈ ವಾರ ನಿನ್ನ ವ್ಯಾನಿನಲ್ಲಿ ಯಾರ್ಯಾರು ಬಂದ್ರು?” ಎಂದು ಕೇಳಿದಳು ಒರ್ಲಾಂದಾ.

“ಈ ಹಾಲೆಂಡಿನೋರು. ಆಮೇಲೆ ಒಬ್ಬಳೇ ಒಂದು ಹುಡುಗಿ, ನಾದೀನ್ ಅಂತ. ಅಮೆರಿಕದೋಳು, ಆದ್ರೆ ನಮ್ಮ ಮಾತು ಚೆನ್ನಾಗಿ ಆಡ್ತಾಳೆ. ಮೂವತ್ತರ ಹತ್ತಿರ ಇರಬಹುದು. ನಡೆಯೋರ ಕಾಲು ಅವಳದ್ದು, ಬೂಟು ಸವೆದುಹೋಗಿದೆ. ದೊಡ್ಡ ಚೀಲನ ಮೇಲೆ ಕಟ್ಟೋಕೆ ಕೊಟ್ಟಳು. ಸಣ್ಣದೊಂದಿತ್ತು, ಅದನ್ನ ಕೊಡಲಿಲ್ಲ. ಅಷ್ಟು ತಿರುವಿನ ದಾರಿಯುದ್ದಕ್ಕೂ ತೊಡೆ ಮೇಲೆ ಇಟ್ಕೊಂಡು ಎರಡೂ ಕೈಯಲ್ಲಿ ಹಿಡ್ಕೊಂಡಿದ್ದಳು. ಕ್ಯಾಮೆರಾ ಇರಬೇಕು ಅಂದ್ಕೊಂಡೆ.”

“ಫೋಟೋ ತೆಗೀತಾಳಾ?”

ಬಲ್ತಜಾರ್ ನೆನಪು ಮಾಡಿಕೊಂಡ. “ಇಲ್ಲ. ಒಂದೂ ತೆಗೆದಿದ್ದು ನೋಡಿಲ್ಲ. ಇಳಿಯೋಕೆ ಜಾಗ ಹುಡುಕೋವಾಗ ನಾನೇ ಜೊತೆ ಹೋದೆ. ಮೂರು ಕಡೆ ನೋಡಿದಳು. ಮಂಚ ನೋಡಲಿಲ್ಲ, ಊಟ ಕೇಳಲಿಲ್ಲ. ಬಾಗಿಲಿನ ಮುಂದೆ ನಿಂತ್ಕೊಳ್ಳೋದು, ಮುಂದಕ್ಕೆ ಹೋಗೋದು. ಒಬ್ಬಳೇ ಹೆಂಗಸು, ಭದ್ರತೆ ನೋಡ್ತಾಳೆ ಅನ್ನಿಸ್ತು. ಇಸ್ಮೇನಿಯಾಳ ನೀಲಿ ಫುಂಕು ಆವತ್ತು ಖಾಲಿ ಇತ್ತು. ಬಾಗಿಲನ್ನ ಮೊಣಕಾಲಲ್ಲಿ ಮೀಟಿ ತೆಗೆದು ಒಳಗೆ ನೋಡಿದಳು. ತುಂಬಾ ಹೊತ್ತು ನೋಡಿದಳು. ಇದೇ ಹಿಡಿಸ್ತು ಅಂದ್ಕೊಂಡೆ. ಅಷ್ಟರಲ್ಲಿ ಇಸ್ಮೇನಿಯಾ ತೋಟದಿಂದ ಬಂದು ‘ಯಾರ ಮಗಳಮ್ಮಾ ನೀನು?’ ಅಂದಳು. ‘ನಮ್ಮೋರು ಸಾಂತಿಯಾಗು ದ್ವೀಪದೋರು, ಇಲ್ಲಿ ನಂಗ್ಯಾರೂ ಇಲ್ಲ’ ಅಂತ ಹೇಳಿ ಹೊರಟೇಬಿಟ್ಟಳು. ಹೋಗಿ ಇಳಿದಿದ್ದು ಲಿಂದೋರ್ಫು ಹತ್ರ.”

“ಲಿಂದೋರ್ಫುವಿನ ಸಿಮೆಂಟ್ ಕೋಣೇಲಿ? ಬಾಡಿಗೆ ದುಪ್ಪಟ್ಟು ಕೊಟ್ಟು?”

“ಹೂಂ.”

ಒರ್ಲಾಂದಾ ಹೆಜ್ಜೆ ಚುರುಕು ಮಾಡಿದಳು.

ಫುಂಕುವಿನ ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ಬಾಗಿಲಿನೊಳಗೇ ಕೂತ ಹಳೆಯ ದಪ್ಪ ಬೀಗ ಅದು. ಒರ್ಲಾಂದಾ ಕೀಲಿ ಹಾಕಿ ತಿರುಗಿಸಿದಳು; ಅಲ್ಲಾಡಲಿಲ್ಲ. ಭುಜ ಕೊಟ್ಟು ತಳ್ಳಿದಳು, ಊಹೂಂ.

“ಹಾಗಲ್ಲ,” ಎಂದು ಇಸ್ಮೇನಿಯಾ ಮುಂದೆ ಬಂದಳು. “ಕೆಳಗೆ ಮೊಣಕಾಲು ಕೊಟ್ಟು ಬಾಗಿಲನ್ನ ಸ್ವಲ್ಪ ಮೇಲಕ್ಕೆ ಎತ್ತಬೇಕು. ಎತ್ತಿಕೊಂಡೇ ಕೀಲಿ ಎಡಕ್ಕೆ ತಿರುಗಿಸಬೇಕು. ಹಳೇ ಮನೇಲೂ ಹೀಗೇ ಇತ್ತು. ಬಂದೋರಿಗೆಲ್ಲ ನಾನೇ ಕಲಿಸಿಕೊಡ್ತೀನಿ. ಆದ್ರೂ ಮೊದಲ ದಿನ ಕೂಗ್ತಾರೆ.”

“ಎಷ್ಟು ಕೀಲಿ ಇದೆ ಇದಕ್ಕೆ?”

“ಇದೊಂದೇ,” ಎಂದಳು ಇಸ್ಮೇನಿಯಾ, ಮುಖವನ್ನು ಅಂಗಳದ ಕಡೆ ತಿರುಗಿಸಿ.

ಒಳಗೆ ಗೋಡೆಯ ಕಲ್ಲುಸಂದಿಯಲ್ಲಿ ನಾಲ್ಕು ಮರದ ಗೂಟಗಳು ಹಾಗೇ ಇದ್ದವು. ಪಾನುವನ್ನು ಎಳೆದು ಕಿತ್ತಿರಲಿಲ್ಲ. ಗೂಟ ಬಿಚ್ಚಿ, ತೆಗೆದು, ಮತ್ತೆ ಸಿಕ್ಕಿಸಿದ್ದರು. ನಿನ್ನೆ ಬೆಳಗ್ಗೆ ಅತಿಥಿಗಳು ಅಂಗಳದಲ್ಲಿ ತಿಂಡಿ ತಿನ್ನುತ್ತಿದ್ದಾಗ ಇಸ್ಮೇನಿಯಾ ನೆಲ ಸಾರಿಸಿದ್ದಳಂತೆ, ಆಮೇಲೆ ಬೀಗ ಹಾಕಿಕೊಂಡು ಹೋದವರು ಅವರೇ. ಗೋಡೆಯ ಕೆಳಗೆ, ಹಸಿ ಇದ್ದಾಗ ಒತ್ತಿ ಒಣಗಿದಂತೆ, ಎರಡು ದುಂಡನೆಯ ಸಣ್ಣ ತಗ್ಗುಗಳಿದ್ದವು, ಒಂದರ ಪಕ್ಕ ಒಂದು.

“ಮಡಕೆ ಇಟ್ಟಿದ್ರಾ ಇಲ್ಲಿ?” ಎಂದ ಬಲ್ತಜಾರ್.

“ಇಲ್ವಲ್ಲ,” ಎಂದಳು ಇಸ್ಮೇನಿಯಾ.

ಒರ್ಲಾಂದಾ ತನ್ನ ಭಾರವಾದ ಮೈಯನ್ನು ಬಗ್ಗಿಸಿ ಹೊಸಿಲನ್ನು ನೋಡಿದಳು. ಹೊರಗಡೆ, ಜಿದೋರು ಕಾದು ಕೂತಿದ್ದ ಕಲ್ಲಿನ ಸುತ್ತ, ಅವನ ಬೂಟಿನಿಂದ ಉದುರಿದ ಕರಿ ಬೂದಿ ಚೆಲ್ಲಿತ್ತು. ಒಳಗೆ ಬಾಗಿಲ ಬಳಿ, ಅತಿಥಿಗಳು ಬೂಟು ಬಿಚ್ಚಿದ ಕಡೆ ಬೂದಿ ಇತ್ತು. ಪಾನು ಇದ್ದ ಗೋಡೆಯ ಕೆಳಗೆ ಒಂದು ಚಿಟಿಕೆಯೂ ಇರಲಿಲ್ಲ.

“ಈ ಪಾನುವನ್ನ ಯಾತಕ್ಕೆ ಬಳಸ್ತಿದ್ರಿ, ಗೋಡೆಗೆ ಹಾಕೋ ಮುಂಚೆ?”

“ಮಿರುವಿನ ಮನೇದು ಅದು. ಅವನಮ್ಮ ನನ್ನ ಕೈಗೆ ಕೊಟ್ಟಿದ್ದು.” ಇಸ್ಮೇನಿಯಾಳ ದನಿ ತಗ್ಗಿತು. “ಆ ಮನೆಯೋರು ಯಾರು ಹೋದ್ರೂ ಇದನ್ನ ಹೊದಿಸ್ತಿದ್ರು. ಅಜ್ಜಿಗೆ ಹೊದಿಸಿದ್ರು, ಅವನಮ್ಮಂಗೆ ನಾನೇ ಹೊದಿಸಿದೆ. ಮಣ್ಣಿಗಿಡೋ ಮುಂಚೆ ತೆಗೆದು ಮನೆಗೆ ತರೋದು.”

ಮಿರು ಯಾರೆಂದು ಬಲ್ತಜಾರ್‌ಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ವಾಲ್ದಿಮಿರು ಮತ್ತು ಇಸ್ಮೇನಿಯಾ ಚಿಕ್ಕ ವಯಸ್ಸಿನಲ್ಲಿ ಒಟ್ಟಿಗೆ ಬಾಳಿದವರು. ಅವನು ಅಮೆರಿಕಕ್ಕೆ ಹೋದ, ಕರೆಸಿಕೊಳ್ಳುತ್ತೇನೆ ಎಂದ. ಕೆಲವು ವರ್ಷ ಪೀಪಾಯಿಗಳು ಬಂದವು. ಅವುಗಳ ಮುಚ್ಚಳ ತೆಗೆದವಳು ಒರ್ಲಾಂದಾಳೇ. ಆಮೇಲೆ ಬರಲಿಲ್ಲ. ಶಾಂನಲ್ಲಿ ಇಂಥ ಒಬ್ಬ ಮಿರು ಇಲ್ಲದ ಮನೆಯೇ ಅಪರೂಪ, ಆದ್ದರಿಂದ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

ಅಷ್ಟರಲ್ಲಿ ಅಂಗಳದಿಂದ ಲಿಂದೋರ್ಫುವಿನ ಗಂಟಲು ಕೇಳಿಸಿತು. “ಏನು ನ್ಯಾ ಒರ್ಲಾಂದಾ, ಹುಲ್ಲಿನ ಮಾಡಿನೊಳಗೆ ಏನು ಹುಡುಕ್ತಿದ್ದೀರಿ? ಹಾಲೆಂಡಿನೋರು ನಿನ್ನೆ ಸಾಯಂಕಾಲವೇ ನನ್ನ ಕಡೆ ಬಂದ್ರು, ಗೊತ್ತಾಯ್ತಾ? ನಾನು ಯಾವಾಗಲಿಂದ ಹೇಳ್ತಿದ್ದೆ, ಕಬ್ಬಿಣದ ಬಾಗಿಲು ಹಾಕ್ಸು, ಹೊಸ ಬೀಗ ಹಾಕ್ಸು ಅಂತ. ಹಳೇದು, ಹಳೇದು ಅಂತ ತಬ್ಬಿಕೊಂಡು ಕೂತಿದ್ದಾಳೆ.”

“ನಿನ್ನ ಕಡೆ ಆ ಅಮೆರಿಕದ ಹುಡುಗಿ ಸುಖವಾಗಿದ್ದಾಳಾ?” ಎಂದು ಕೇಳಿದಳು ಒರ್ಲಾಂದಾ.

ಲಿಂದೋರ್ಫು ಮುಖ ಹುಳ್ಳಗೆ ಮಾಡಿದ. “ಅವಳ ಮಾತು ಬೇಡ. ಇಡೀ ಶಾಂನಲ್ಲಿ ಸೋಲಾರ್ ಬಿಸಿನೀರು ಇರೋದು ನನ್ನೊಬ್ಬನ ಮನೇಲಿ. ಅವಳು ಬಂದ ದಿನದಿಂದ ಆ ನಲ್ಲಿ ಮುಟ್ಟಿಲ್ಲ! ಹಿತ್ತಲಲ್ಲಿ ತಣ್ಣೀರು ಸುರ್ಕೊಳ್ತಾಳೆ. ಒಂದೇ ಕರಿ ಅಂಗಿ, ದಿನಾ ಒಗೀತಾಳೆ, ಅದನ್ನೇ ಹಾಕ್ತಾಳೆ. ಸಾಯಂಕಾಲ ಎಲ್ಲಾರೂ ಪಿಟೀಲು ಬಾರಿಸಿ ಕುಣೀತಿದ್ರೆ ಇವಳು ಹೊರಗೆ ಗೋಡೆಗೆ ಒರಗಿ ಕೂತಿರ್ತಾಳೆ. ವೈನು ಕೊಟ್ಟರೆ ಬೇಡ ಅಂತಾಳೆ. ನಮ್ಮ ವೈನು ಬೇಡ ಅನ್ನೋಳು ಶಾಂಗೆ ಯಾಕೆ ಬರಬೇಕಿತ್ತು?”

“ಅದನ್ನೇ ನಾನೂ ಯೋಚಿಸ್ತಿದ್ದೀನಿ,” ಎಂದಳು ಒರ್ಲಾಂದಾ.

ಜಿದೋರು ತನ್ನ ಮನೆಯ ಹಿತ್ತಲಲ್ಲಿ ಯಾರ ಮುಖವನ್ನೂ ನೋಡದೆ ಸೌದೆ ಒಡೆಯುತ್ತಿದ್ದ. ಮೂವತ್ತೈದರ ಗಟ್ಟಿಮುಟ್ಟಾದ ಆಳು; ಒಂದೇ ದಿನದಲ್ಲಿ ಕಣ್ಣು ಗುಳಿಬಿದ್ದಿತ್ತು. ಬೆಳಗ್ಗೆ ಅವನ ಜೊತೆ ಹೊರಡಬೇಕಿದ್ದ ಗುಂಪು ಬೇರೆ ಗೈಡನ್ನು ಕರೆದುಕೊಂಡು ಹೋಗಿತ್ತು.

“ನಾನು ಕದ್ದಿದ್ರೆ ಬೀಗ ತೆರೆದಿಟ್ಟು ಬರ್ತಿದ್ದೆ, ಯಾರೋ ಮುರಿದು ಬಂದ್ರು ಅಂತ ಅನ್ನಿಸೋ ಹಾಗೆ,” ಎಂದ. “ಅಷ್ಟೂ ಬುದ್ಧಿ ಇಲ್ವಾ ನಂಗೆ?”

“ಇದೆ,” ಎಂದಳು ಒರ್ಲಾಂದಾ. “ಆ ನಾದೀನ್ ನಿನ್ನನ್ನ ಗೈಡಾಗಿ ಕರೆದಿದ್ದಳಾ?”

“ಬಂದ ಮಾರನೇ ದಿನ ಕರೆದಳು. ಶಿಖರಕ್ಕೆ ಅಂದ್ಕೊಂಡೆ. ಶಿಖರ ಬೇಡ, ನ್ಯಾ ಬೀಬಿಯ ಅಂಜೂರದ ಮರ ಇದ್ದ ಕಡೆ ಕರ್ಕೊಂಡು ಹೋಗು ಅಂದಳು. ‘ತಾಯಿ, ಆ ಮರ ಲಾವಾದ ಅಡಿ ಹೋಗಿ ಎಷ್ಟೋ ವರ್ಷ ಆಯ್ತು’ ಅಂದೆ. ‘ಜಾಗ ಆದ್ರೂ ತೋರ್ಸು’ ಅಂದಳು. ತೋರಿಸಿದೆ. ಸುಮ್ನೆ ನಿಂತಿದ್ದು ಬಂದಳು.”

“ನ್ಯಾ ಬೀಬಿ ಯಾರು?” ಎಂದ ಬಲ್ತಜಾರ್. ಅವನು ಪಟ್ಟಣದವನು.

“ಹಳೇ ಕಾಲದ ಅಜ್ಜಿ,” ಎಂದಳು ಒರ್ಲಾಂದಾ ನಿಧಾನವಾಗಿ. “ಮಿರುವಿನ ಮನೆಗೆ ಒತ್ತಿಕೊಂಡೇ ಇತ್ತು ಅವಳ ಮನೆ.”

ಹಿಂದಿರುಗಿದ ಮೇಲೆ ಒರ್ಲಾಂದಾ ತನ್ನ ಮನೆಯ ಮುಂದೆ ನಿಂತು, ಸುತ್ತಲಿನ ಕುಂಡದ ಎತ್ತರದ ಗೋಡೆಯನ್ನು ನೋಡುತ್ತ ಹೇಳಿದಳು: “ನಾಳೆ ಮಧ್ಯಾಹ್ನ ಎಲ್ಲರನ್ನೂ ಇಸ್ಮೇನಿಯಾಳ ಅಂಗಳಕ್ಕೆ ಕರಿ. ಲಿಂದೋರ್ಫು, ಜಿದೋರು, ಸಂಘದ ಮುಖ್ಯಸ್ಥ, ಆ ಹುಡುಗಿ. ಗೊತ್ತಾದ್ದನ್ನ ಮೊದಲು ನಿಂಗೊಬ್ಬಳಿಗೇ ಹೇಳ್ತೀನಿ ಅಂತ ಫುಂಕು ಬಿಟ್ಟು ಹೊರಡೋವಾಗ ಇಸ್ಮೇನಿಯಾಗೆ ಹೇಳಿದ್ದೆ. ಬೇಡ ಅಂದಳು. ಜಿದೋರುವಿನ ಹೆಸರು ಊರ ಮುಂದೆ ಕೆಟ್ಟಿದೆ, ಊರ ಮುಂದೇನೇ ಸರಿಯಾಗಲಿ ಅಂದಳು.”

“ನಿಮಗೆ ಗೊತ್ತಾಗಿದೆಯಾ?”

“ಗೊತ್ತಾಗಿದೆ. ಸುಳ್ಳಾಗಿದ್ರೆ ಚೆನ್ನಾಗಿತ್ತು.”

ಮಾರನೆಯ ದಿನ ಇಸ್ಮೇನಿಯಾ ಅಂಗಳ ಗುಡಿಸಿ ಬೆಂಚುಗಳನ್ನು ಹಾಕಿದ್ದಳು. ಬಿಳಿ ರವಿಕೆ ತೊಟ್ಟಿದ್ದಳು. ಒಳಗೆ ಕಚುಪಾ ಕುದಿಯುವ ವಾಸನೆ ಬರುತ್ತಿತ್ತು. ಜೋಳ, ಹುರುಳಿ, ಮಾಂಸ ಎಲ್ಲ ಹಾಕಿದ ಹಬ್ಬದ ಕಚುಪಾ. ಪ್ರತಿ ಬಾರಿ ದಾರಿಯಲ್ಲಿ ಹೆಜ್ಜೆ ಸಪ್ಪಳವಾದಾಗ ಅವಳ ಕತ್ತು ತಿರುಗುತ್ತಿತ್ತು. ಬಲ್ತಜಾರ್ ಬಂದಾಗಲೂ ತಿರುಗಿತು. ಅವನನ್ನು ಕಂಡು ನಕ್ಕಳು, ಮತ್ತೆ ಅವನ ಹೆಗಲಾಚೆ ದಾರಿಯನ್ನು ನೋಡಿದಳು. ಆಗ ಬಲ್ತಜಾರ್‌ಗೆ ಅರ್ಥವಾಯಿತು. ಓಲೆಗಳು ತನಗಾಗಿ ಅಲ್ಲ. ಅವನು ಹೋಗಿ ಕೊನೆಯ ಬೆಂಚಿನಲ್ಲಿ ಕೂತ.

ನಾದೀನ್ ಎಲ್ಲರಿಗಿಂತ ಕೊನೆಗೆ ಬಂದು ಕೂತಳು. ಕರಿ ಅಂಗಿ, ತೊಡೆಯ ಮೇಲೆ ಸಣ್ಣ ಚೀಲ.

ಒರ್ಲಾಂದಾ ಎದ್ದು ನಿಂತಳು. “ಈ ಕಳ್ಳತನದಲ್ಲಿ ವಿಚಿತ್ರ ಅಂದ್ರೆ, ಕಳ್ಳ ಹೋಗೋವಾಗ ಬೀಗ ಹಾಕ್ಕೊಂಡು ಹೋಗಿದ್ದು. ಕದ್ದು ಓಡೋನಿಗೆ ಅಷ್ಟು ಪುರುಸೊತ್ತು ಇರಲ್ಲ. ಮನೇಲಿ ಬೇರೆಯೋರ ಸಾಮಾನಿದೆ, ತೆರೆದಿಟ್ಟು ಹೋಗಬಾರದು ಅಂತ ಯೋಚಿಸೋ ಮನುಷ್ಯ ಇದನ್ನ ಮಾಡಿದ್ದು. ಅಂದ್ರೆ ಅವರ ಹತ್ರ ಕೀಲಿ ಇತ್ತು.”

“ಕೀಲಿ ಇದ್ದಿದ್ದು ಜಿದೋರು ಹತ್ರ,” ಎಂದ ಲಿಂದೋರ್ಫು.

“ಸ್ವಲ್ಪ ಸುಮ್ನಿರಪ್ಪ. ಜಿದೋರು ಬೂದಿಯ ಇಳಿಜಾರು ಇಳಿದು ನೆಟ್ಟಗೆ ಇಲ್ಲಿಗೆ ಬಂದ. ಆ ಇಳಿಜಾರು ಇಳಿದೋರ ಬೂಟು, ಷರಾಯಿ ಮಡಿಕೆ, ಎಲ್ಲಾ ಕಡೆಯಿಂದ ಬೂದಿ ಉದುರುತ್ತೆ. ಅವನು ಕೂತ ಕಲ್ಲಿನ ಸುತ್ತ ಉದುರಿದೆ. ಪಾನು ಇದ್ದ ಗೋಡೆ ಹತ್ರ ಒಂದು ಕಣವಿಲ್ಲ. ಅಲ್ಲಿಗೆ ಹೋದೋರು ಆವತ್ತು ಬೆಟ್ಟ ಹತ್ತಿದೋರಲ್ಲ. ಮೇಲಾಗಿ ಅಲ್ಲಿ ನೆಲದಲ್ಲಿ ಎರಡು ತಗ್ಗಿದೆ. ಬೆಳಗ್ಗೆ ಸಾರಿಸಿದ ನೆಲ ಹಸಿ ಇದ್ದಾಗ ಬಿದ್ದಿದ್ದು. ಜಿದೋರು ಬರೋ ಹೊತ್ತಿಗೆ ನೆಲ ಒಣಗಿತ್ತು.”

“ಯಾತರ ತಗ್ಗು?” ಎಂದ ಸಂಘದ ಮುಖ್ಯಸ್ಥ.

“ಮೊಣಕಾಲಿನದು. ಯಾರೋ ಆ ಪಾನು ಮುಂದೆ ಮಂಡಿಯೂರಿದ್ದಾರೆ. ಮಾರೋಕೆ ಕದಿಯೋನು ಮಂಡಿಯೂರಲ್ಲ. ಗೂಟನ ತಿರುಗಿ ಸಿಕ್ಕಿಸಲ್ಲ. ಹಾಗಾಗಿ, ಲಿಂದೋರ್ಫು, ನಿನ್ನ ಮೇಲೂ ನಂಗೆ ಅನುಮಾನ ಬರಲಿಲ್ಲ. ನೀನಾಗಿದ್ರೆ ಗೂಟನೂ ತಗೊಂಡು ಹೋಗ್ತಿದ್ದೆ.”

ಯಾರೋ ನಕ್ಕರು. ಲಿಂದೋರ್ಫು ಗೊಣಗಿದ. ಒರ್ಲಾಂದಾ ಇಸ್ಮೇನಿಯಾಳ ಕಡೆ ತಿರುಗಿದಳು. ಅವಳ ದನಿ ಈಗ ಕಸ್ಟಮ್ಸ್ ಕಟ್ಟೆಯ ದನಿಯಾಗಿರಲಿಲ್ಲ.

“ಈ ಬೀಗಕ್ಕೆ ಎರಡನೇ ಕೀಲಿ ಇತ್ತು, ಅಲ್ವಾ ಮಗಳೇ?”

ಇಸ್ಮೇನಿಯಾ ತಲೆಯಾಡಿಸಿದಳು. “ಮಿರು ತಗೊಂಡು ಹೋದ. ‘ಬಂದಾಗ ಬಾಗಿಲು ತಟ್ಟಲ್ಲ, ನಾನೇ ತೆಗೆದು ಒಳಗೆ ಬರ್ತೀನಿ’ ಅಂದಿದ್ದ.” ಅವಳ ಕೆನ್ನೆ ಕೆಂಪಾಯಿತು. “ಬೀಗ ಮುರಿದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಯ್ತು ನಂಗೆ. ಬಂದಿದ್ದಾನೆ. ನಾಚಿಕೆಗೆ ಎಲ್ಲೋ ಅಡಗಿದ್ದಾನೆ. ಪೊಲೀಸರು ಬಂದ್ರೆ ಹೆದರಿ ಹೋಗಿಬಿಡ್ತಾನೆ ಅಂತ... ಜಿದೋರು, ನನ್ನ ಮೇಲೆ ಸಿಟ್ಟಾಗಬೇಡ ಕಣೋ. ಎರಡು ದಿನ ಬಾಯಿ ಬಿಡಲಿಲ್ಲ ನಾನು.”

ಜಿದೋರು ಎದ್ದು ಬಂದು ಅವಳ ಪಕ್ಕದಲ್ಲಿ ಕೂತ.

“ಕೀಲಿ ಬಂದಿದೆ,” ಎಂದಳು ಒರ್ಲಾಂದಾ. “ಆದರೆ ಬಾಗಿಲು ತೆಗೆದಿದ್ದು ಮಿರು ಅಲ್ಲ. ಈ ವಾರ ಒಬ್ಬರು ಇಳಿಯೋಕೆ ಜಾಗ ಹುಡುಕ್ತಾ ಬಂದ್ರು. ಎಲ್ಲಾ ಕಡೆ ನೋಡಿದ್ದು ಬಾಗಿಲನ್ನ. ಇಲ್ಲಿ ಈ ನೀಲಿ ಬಾಗಿಲನ್ನ, ಯಾರೂ ಹೇಳಿಕೊಡದೆ, ಮೊಣಕಾಲು ಕೊಟ್ಟು ಒಂದೇ ಸಲಕ್ಕೆ ತೆಗೆದ್ರು. ಬಲ್ತಾ ಕಣ್ಣಾರೆ ನೋಡಿದ್ದಾನೆ. ತಣ್ಣೀರಲ್ಲಿ ಸ್ನಾನ ಮಾಡೋರು, ಸವೆದ ಬೂಟಿನೋರು. ಅಂಥೋರಿಗೆ ಈ ಫುಂಕುಗಿಂತ ಒಳ್ಳೇ ಜಾಗ ಯಾವುದಿದೆ? ಆದ್ರೂ ಹೋಗಿ ಬಿಸಿನೀರಿನ ಕೋಣೆ ಹಿಡಿದ್ರು, ಬಿಸಿನೀರು ಮುಟ್ಟಲಿಲ್ಲ. ಅವರಿಗೆ ಆ ಕೋಣೆ ಬೇಕಿರಲಿಲ್ಲ. ‘ಯಾರ ಮಗಳು’ ಅಂತ ಕೇಳಿದ ಹೆಂಗಸಿನ ಮಾಡಿನ ಕೆಳಗೆ ಮಲಗೋ ಧೈರ್ಯ ಇರಲಿಲ್ಲ, ಅಷ್ಟೇ. ಇಲ್ಲಿ ಯಾರೂ ಇಲ್ಲ ಅಂದೋರು, ಲಾವಾದ ಅಡಿ ಹೋದ ಅಂಜೂರದ ಮರನ ಹೆಸರು ಹಿಡಿದು ಕೇಳಿದ್ರು. ಆ ಮರ ಯಾವ ನಕ್ಷೆಯಲ್ಲೂ ಇಲ್ಲ. ಅದರ ನೆರಳಲ್ಲಿ ಬೆಳೆದೋರು ಬಾಯಲ್ಲಿ ಹೇಳಬೇಕು.”

ಎಲ್ಲರ ಕಣ್ಣೂ ನಾದೀನ್ ಕಡೆ ತಿರುಗಿದವು. ಅವಳು ತಲೆ ತಗ್ಗಿಸಿರಲಿಲ್ಲ. ಇಸ್ಮೇನಿಯಾಳನ್ನೇ ನೋಡುತ್ತಿದ್ದಳು.

“ಕದ್ದೋರು ಮಾರನೇ ದಿನ ಬಲ್ತಾನ ವ್ಯಾನು ಹತ್ತಿ ಹೋಗಿಬಿಡಬಹುದಿತ್ತು,” ಎಂದಳು ಒರ್ಲಾಂದಾ. “ಹೋಗಲಿಲ್ಲ. ಜಿದೋರುವಿನ ತಲೆ ಮೇಲೆ ಬಿತ್ತು ಅಂತ ಕಾಲು ಏಳಲಿಲ್ಲ. ಹೌದಾ, ಮಗು?”

“ಹೌದು,” ಎಂದಳು ನಾದೀನ್. “ಮಾರನೇ ದಿನವೇ ತಿರುಗಿ ತಂದಿಡೋಣ ಅಂತಿದ್ದೆ. ಅಷ್ಟರಲ್ಲಿ ಅಂಗಳದ ತುಂಬಾ ಜನ. ಧೈರ್ಯ ಬರಲಿಲ್ಲ.”

ಇಸ್ಮೇನಿಯಾ ನಿಧಾನವಾಗಿ ಎದ್ದಳು. ಹುಡುಗಿಯ ಹಣೆ, ಹುಬ್ಬು, ಗಲ್ಲ, ಒಂದೊಂದನ್ನೇ ನೋಡಿದಳು. “ನೀನು ಮಿರುವಿನ ಮಗಳು,” ಎಂದಳು. ಪ್ರಶ್ನೆಯಾಗಿರಲಿಲ್ಲ ಅದು. “ಅವನ್ಯಾಕೆ ಬರಲಿಲ್ಲ? ನಿನ್ನನ್ನ ಮುಂದೆ ಕಳಿಸಿ ತಾನು ಪಟ್ಟಣದಲ್ಲಿ ಕೂತಿದ್ದಾನಾ? ನಾನೇನು ಅವನನ್ನ ಹೊಡೀತೀನಾ? ಬರೋಕೆ ಹೇಳು.”

ನಾದೀನ್ ಸಣ್ಣ ಚೀಲವನ್ನು ತೊಡೆಯಿಂದ ಎತ್ತಿ ಇಸ್ಮೇನಿಯಾಳ ಮುಂದಿದ್ದ ಬೆಂಚಿನ ಮೇಲೆ ಇಟ್ಟಳು. ಬಾಯಿ ಬಿಚ್ಚಿದಳು. ಒಳಗೆ ನೀಲಿ ಬಿಳಿ ಪಾನುವಿನಲ್ಲಿ ಸುತ್ತಿದ ಒಂದು ಮರದ ಪೆಟ್ಟಿಗೆಯಿತ್ತು.

“ಬಂದಿದ್ದಾರೆ,” ಎಂದಳು.

ಸಂಘದ ಮುಖ್ಯಸ್ಥ ಟೋಪಿ ತೆಗೆದ. ಒರ್ಲಾಂದಾ ಮಾತ್ರ ತುಂಬ ತಗ್ಗಿದ ದನಿಯಲ್ಲಿ, ಬಲ್ತಜಾರ್‌ಗಷ್ಟೇ ಕೇಳುವಂತೆ ಹೇಳಿದಳು: “ಬೆಲೆಬಾಳೋದಿದ್ರೆ ಪಕ್ಕದಲ್ಲಿ ಇಟ್ಕೊಳ್ತಾರೆ ಬಲ್ತಾ. ತೊಡೆ ಮೇಲೆ ಇಟ್ಕೊಳ್ಳೋದು ಮನುಷ್ಯರನ್ನ. ಬಂದರಿನಲ್ಲಿ ನಾನು ಅಂಥ ಪೆಟ್ಟಿಗೆ ಒಂದೂ ಬಿಚ್ಚಿಸಲಿಲ್ಲ.”

“ಚಳಿಗಾಲದಲ್ಲಿ ಹೋದ್ರು,” ಎಂದಳು ನಾದೀನ್. “ನಮ್ಮಮ್ಮನಿಗೆ ನಿಮ್ಮ ವಿಷಯ ಗೊತ್ತಿರಲಿಲ್ಲ. ನಂಗೂ ಕೊನೇಲಿ ಗೊತ್ತಾಗಿದ್ದು. ಊರು ಮುಳುಗಿದಾಗ ಫೋನಿನಲ್ಲಿ ವಿಡಿಯೋ ಬಂದಿತ್ತು; ಒಂದು ಲಾರಿ ಮೇಲೆ ನೀಲಿ ಬಾಗಿಲು, ಪಕ್ಕದಲ್ಲಿ ನೀವು. ಅಪ್ಪ ಅದನ್ನ ಎಷ್ಟು ಸಲ ನೋಡಿದ್ರೋ. ಆಸ್ಪತ್ರೆಯಲ್ಲಿ ಕೀಲಿ ಕೊಟ್ಟು, ಬಾಗಿಲು ತೆಗೆಯೋದು ಹೇಗೆ ಅಂತ ಹೇಳಿ, ನಿನ್ನ ಅಜ್ಜಿಯ ಪಾನು ಹೊದಿಸು, ಅಂಜೂರದ ಮರದ ಹತ್ರ ಬಿಡು ಅಂದ್ರು. ನಿಮ್ಮ ಹತ್ರ ಕೇಳೋಕೆ ಬಂದಿದ್ದೆ, ನಿಜ. ನೀವು ತೋಟದಿಂದ ಬಂದು ನಗ್ತಾ ಯಾರ ಮಗಳು ಅಂದ್ರಿ. ಏನಂತ ಹೇಳಲಿ? ನಿಮ್ಮನ್ನ ಕಾಯಿಸಿ ಹೋದೋನ ಮಗಳು ಅಂತಲಾ?”

ಇಸ್ಮೇನಿಯಾ ಪೆಟ್ಟಿಗೆಯ ಮುಂದೆ ಕೂತಳು. ಪಾನುವಿನ ಗಂಟನ್ನು ಮುಟ್ಟಿ ನೋಡಿದಳು. “ಹೀಗಲ್ಲ ಹೊದಿಸೋದು,” ಎಂದಳು. ಬಿಚ್ಚಿದಳು, ನೀಲಿ ಪಟ್ಟಿ ಮೇಲೆ ಬರುವಂತೆ ಮಡಿಸಿದಳು, ಮತ್ತೆ ಹೊದಿಸಿದಳು, ಅಂಚುಗಳನ್ನು ಮಗುವಿಗೆ ಸಿಕ್ಕಿಸುವ ಹಾಗೆ ಒಳಗೆ ಸಿಕ್ಕಿಸಿದಳು. ಆಮೇಲೆ ಕಿವಿಯ ಓಲೆಗಳನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡಳು.

ತಲೆಯೆತ್ತಿ, “ಲಿಂದೋರ್ಫು, ಹೋಗಿ ಇವಳ ಚೀಲ ತಗೊಂಡು ಬಾ. ಇವತ್ತಿಂದ ಇವಳು ಇಲ್ಲಿ ಮಲಗ್ತಾಳೆ,” ಎಂದಳು.

ಲಿಂದೋರ್ಫು ಹೋದ. ಚೀಲವನ್ನು ತಾನೇ ಹೊತ್ತು ತಂದ.

ಮರುದಿನ ಬೆಳಕು ಹರಿದ ಮೇಲೆ ಅವರೆಲ್ಲ ಲಾವಾದ ಮೇಲೆ ನಡೆದರು. ಜಿದೋರು ಮುಂದೆ, ಅವನ ಹಿಂದೆ ಪೆಟ್ಟಿಗೆ ಹಿಡಿದ ನಾದೀನ್, ಅವಳ ಪಕ್ಕದಲ್ಲಿ ಇಸ್ಮೇನಿಯಾ. ಅಂಜೂರದ ಮರವಿದ್ದ ಜಾಗದಲ್ಲಿ ಕರಿಗಲ್ಲಿನ ಒಂದು ಬಿರುಕಿತ್ತು. ನಾದೀನ್ ಪಾನು ತೆಗೆದು ಇಸ್ಮೇನಿಯಾಳಿಗೆ ಕೊಟ್ಟು, ಪೆಟ್ಟಿಗೆಯಲ್ಲಿದ್ದ ಅಪ್ಪನ ಚಿತಾಭಸ್ಮವನ್ನು ಮೆಲ್ಲಗೆ ಬಿರುಕಿಗೆ ಇಳಿಸಿದಳು. ಒರ್ಲಾಂದಾ ಪ್ರಾರ್ಥನೆ ಹೇಳಿದಳು.

ಆಮೇಲೆ ಇಸ್ಮೇನಿಯಾ ಅತ್ತಳು. ಆ ಊರಿನ ಹೆಂಗಸರು ಸತ್ತವರನ್ನು ಹೆಸರು ಹಿಡಿದು ಕರೆದು ಅಳುತ್ತಾರೆ. ಅವಳೂ ಕರೆದಳು. ಆದರೆ ಬೈಯಲಿಲ್ಲ, ಯಾಕೆ ಬಿಟ್ಟು ಹೋದೆ ಎಂದು ಕೇಳಲಿಲ್ಲ. ಅವನು ಇಲ್ಲದ ವರ್ಷಗಳ ಸುದ್ದಿಯನ್ನೆಲ್ಲ ಹೇಳತೊಡಗಿದಳು. ನಿಮ್ಮಮ್ಮ ನಿದ್ದೆಯಲ್ಲೇ ಹೋದಳು ಮಿರು, ನೋವು ಪಡಲಿಲ್ಲ. ಶಾಲೆಗೆ ಹೊಸ ಮಾಡು ಹಾಕಿದ್ರು, ಅದೂ ಹೋಯ್ತು. ಆ ವರ್ಷ ದ್ರಾಕ್ಷಿ ಎಷ್ಟು ಬಂತು ಅಂದ್ರೆ ಬುಟ್ಟಿ ಸಾಲಲಿಲ್ಲ. ಬೆಂಕಿ ಹರಿದು ಬಂದಾಗ ಮೊದಲು ಬಾವಿ ಕಡೆಯಿಂದ ಬಂತು, ನಿಧಾನವಾಗಿ, ಹಸುವಿನ ಹಾಗೆ. ನಿನ್ನ ಗೆಳೆಯ ಕುಂಟ ತೋನೆ ಮದುವೆಯಾದ, ನಂಬ್ತೀಯಾ? ಈಗ ಊರಿಗೆ ದಿನಾ ಒಂದು ವ್ಯಾನು ಬರುತ್ತೆ. ಓಡಿಸೋನು ಬಲ್ತಜಾರ್ ಅಂತ. ಒಳ್ಳೆಯೋನು ಮಿರು, ಬರ್ತಾನೆ, ನಿಂತ್ಕೊಳ್ತಾನೆ, ಏನೂ ಕೇಳಲ್ಲ.

ಬಲ್ತಜಾರ್ ಸ್ವಲ್ಪ ದೂರದಲ್ಲಿ ನಿಂತಿದ್ದ. ಅವನ ಕಾಲ ಕೆಳಗಿನ ಕಲ್ಲು ಬಿಸಿಲಿಗೆ ಬೆಚ್ಚಗಾಗುತ್ತಿತ್ತು. ತಗ್ಗಿನಲ್ಲಿ ಅವನ ವ್ಯಾನಿನ ಬಳಿ ಪಟ್ಟಣಕ್ಕೆ ಹೋಗುವವರು ಆಗಲೇ ಸೇರಿದ್ದರು. ಯಾರೋ ಹಾರನ್ ಒತ್ತಿದರು, ಒಮ್ಮೆ, ಮತ್ತೊಮ್ಮೆ. ಅವನು ಕದಲಲಿಲ್ಲ. ಇಸ್ಮೇನಿಯಾ ಇನ್ನೂ ಹೇಳುತ್ತಿದ್ದಳು. ಹೇಳುವುದು ಇನ್ನೂ ಬಹಳವಿತ್ತು.